ಯಾರ ಮುಂದೆ ಮುಳುಗುವುದು?

‘ನಾನಿನ್ನೂ ರೆಡಿ ಆಗಿಲ್ಲ ಪಾಸ್ಟರ್.’ ಬೆಂಗಳೂರಿನ ಪೀಣ್ಯ, ದಾಸರಹಳ್ಳಿ, ಹೆಬ್ಬಗೋಡಿ ಕಡೆಯ ಶೀಟಿನ ಮಾಡಿನ ಪ್ರಾರ್ಥನಾ ಮಂದಿರಗಳಲ್ಲಿ ದೀಕ್ಷಾಸ್ನಾನದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಹೇಳುವವರಿಗೆ ನಂಬಿಕೆ ಇಲ್ಲ ಎಂದಲ್ಲ. ವರ್ಷಗಟ್ಟಲೆ ಭಾನುವಾರದ ಆರಾಧನೆಗೆ ಬಂದವರು, ಉಪವಾಸ ಪ್ರಾರ್ಥನೆಯಲ್ಲಿ ಕೂತವರು. ಯಾಕೆ ರೆಡಿ ಇಲ್ಲ ಎಂದರೆ ಒಬ್ಬ ಕುಡಿತ ಪೂರ್ತಿ ಬಿಟ್ಟಿಲ್ಲ ಎನ್ನುತ್ತಾನೆ, ಇನ್ನೊಬ್ಬಳು ಬೈಬಲನ್ನು ಒಂದು ಸಲವೂ ಓದಿ ಮುಗಿಸಿಲ್ಲ ಎನ್ನುತ್ತಾಳೆ. ಪಾಸ್ಟರ್ ಕೊಡುವ ಪರಿಹಾರವೂ ಗೊತ್ತಿರುವುದೇ: ಕೆಲವು ವಾರ ತರಗತಿಗೆ ಬಾ, ಪಾಪ, ಪಶ್ಚಾತ್ತಾಪ, ರಕ್ಷಣೆ, ಸಭೆ ಇಷ್ಟು ಪಾಠ ಮುಗಿಸು. ಆಮೇಲೆ ಒಂದಷ್ಟು ಪ್ರಶ್ನೆ. ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯಂತೆ, ಪಾಸಾದರೆ ನೀರಿಗಿಳಿಯಬಹುದು.

ಹಿಂಜರಿಯುವವರೂ ಪಾಸ್ಟರೂ ಎಡವುವುದು ಒಂದೇ ಕಲ್ಲಿಗೆ. ಸಿದ್ಧತೆ ಎಂದರೆ ಮನುಷ್ಯನ ಒಳಗೆ ಏರಬೇಕಾದ ಒಂದು ಮಟ್ಟ, ಏರಿದೆಯೋ ಇಲ್ಲವೋ ಅಳೆದು ನೋಡಬೇಕು ಎಂದು ಇಬ್ಬರೂ ನಂಬಿದ್ದಾರೆ. ಕುಡಿತ ಬಿಟ್ಟವನಿಗೇ ದೀಕ್ಷಾಸ್ನಾನ ಎಂದಾದರೆ ಅದು ಬಹುಮಾನವಾಗುತ್ತದೆ. ಕೃಪೆಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ. ಏನೂ ಬೇಡ, ಕೈ ಎತ್ತಿದವರೆಲ್ಲ ಬನ್ನಿ ಎಂದರೆ ಆ ನಿರ್ಧಾರ ಅವರದೇ ಎನ್ನುವುದಕ್ಕೆ ಆಧಾರ ಸಿಗುವುದಿಲ್ಲ.

ಆದಿಸಭೆಯನ್ನು ಕೇಳೋಣ ಎಂದರೆ ಅಲ್ಲೂ ಒಮ್ಮತವಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಫಿಲಿಪ್ಪಿಯ ಸೆರೆಮನೆಯ ಯಜಮಾನ ಅದೇ ರಾತ್ರಿ ಮನೆಮಂದಿಯೊಂದಿಗೆ ದೀಕ್ಷಾಸ್ನಾನ ಮಾಡಿಸಿಕೊಂಡ. ‘ಅಪೊಸ್ತಲಿಕ ಸಂಪ್ರದಾಯ’ ಎಂಬ ಹಳೆಯ ಗ್ರಂಥ ಮೂರು ವರ್ಷ ಕಲಿಯಬೇಕೆನ್ನುತ್ತದೆ. ವಿಧವೆಯರನ್ನು ಗೌರವಿಸಿದ್ದಾನೆಯೇ, ರೋಗಿಗಳನ್ನು ನೋಡಲು ಹೋಗಿದ್ದಾನೆಯೇ ಎಂದು ಅವನನ್ನು ಕರೆತಂದವರನ್ನು ವಿಚಾರಿಸಬೇಕೆನ್ನುತ್ತದೆ. ಅದಕ್ಕಿಂತಲೂ ಹಳೆಯದಾದ ‘ದಿದಾಖೆ’ ಒಂದೆರಡು ದಿನದ ಉಪವಾಸಕ್ಕೆ ತೃಪ್ತಿಪಡುತ್ತದೆ, ಆದರೆ ಮುಳುಗುವವನ ಜೊತೆ ಮುಳುಗಿಸುವವನೂ, ಸಾಧ್ಯವಾದರೆ ಇತರರೂ ಉಪವಾಸವಿರಬೇಕು. ಒಂದು ರಾತ್ರಿ, ಎರಡು ದಿನ, ಮೂರು ವರ್ಷ: ಲೆಕ್ಕ ಹೊಂದುವುದಿಲ್ಲ. ಹೊಂದುವುದು ಬೇರೊಂದು. ಮನೆಮಂದಿ, ಕರೆತಂದವರು, ಜೊತೆಗೆ ಹಸಿದವರು ಹೀಗೆ ಅವನನ್ನು ಬಲ್ಲ ಯಾರೋ ಪ್ರತಿ ಸಲವೂ ಹತ್ತಿರದಲ್ಲಿದ್ದಾರೆ. ದಾರಿಯಲ್ಲಿ ನೀರು ಕಂಡು ರಥ ನಿಲ್ಲಿಸಿದ ಇಥಿಯೋಪ್ಯದ ಕಂಚುಕಿ ಮಾತ್ರ ಇದಕ್ಕೆ ಹೊರತು. ಅವನ ಬಳಿಗೆ ಆಮೇಲೆ ಬರುತ್ತೇನೆ.

ಸ್ವಂತ ಬಾಯಿಂದ ಒಪ್ಪಿಕೊಂಡವರಿಗೇ ದೀಕ್ಷಾಸ್ನಾನ ಎಂಬ ಪಂಥ ತನ್ನ ಹುಟ್ಟನ್ನು 1525ರ ಜನವರಿ 21ಕ್ಕೆ ಗುರುತಿಸಿಕೊಳ್ಳುತ್ತದೆ. ಅಂದು ಜ್ಯೂರಿಕ್‌ನಲ್ಲಿ ಕೊನ್ರಾಡ್ ಗ್ರೆಬೆಲ್, ಗೇಯೋರ್ಗ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಕೊಟ್ಟ. ಅಲ್ಲಿದ್ದವರಿಗೆ ಕೂಸಾಗಿದ್ದಾಗಲೇ ಅದು ಆಗಿಹೋಗಿತ್ತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಎರಡು ವರ್ಷದೊಳಗೆ ನಗರಸಭೆ ಲಿಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಇವರನ್ನು ವ್ಯಕ್ತಿಸ್ವಾತಂತ್ರ್ಯದ ಮೊದಲಿಗರು ಎಂದು ಹೊಗಳುವುದು ವಾಡಿಕೆ. ಒಪ್ಪಿದೆ. ಆದರೆ ಆ ಸ್ವಾತಂತ್ರ್ಯಕ್ಕೆ ತೂಕ ಬಂದದ್ದು, ತಮ್ಮನ್ನು ಬಲ್ಲವರ ನಡುವೆಯೇ, ನಗರಕ್ಕೇ ಗೊತ್ತಾಗುವಂತೆ ಆ ಮಾತು ಆಡಿದ್ದರಿಂದ.

ನಮ್ಮಲ್ಲೂ ಹಾಗೆಯೇ ಆಯಿತು. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ, ಬಾಸೆಲ್ ಮಿಶನ್ನಿನ ಹೆರ್ಮನ್ ಮ್ಯೋಗ್ಲಿಂಗ್ ಅವರಿಂದ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಹೀಗೆ ಬಂದವರಿಗೆ ಮನೆ ತಪ್ಪುತ್ತಿತ್ತು. ಮನೆಯ ಜೊತೆ ಜಾತಿ ಕೊಡುತ್ತಿದ್ದ ಕಸುಬೂ ತಪ್ಪುತ್ತಿತ್ತು. ನೀರಿನಿಂದ ಎದ್ದವನಿಗೆ ಮಧ್ಯಾಹ್ನದ ಊಟ ಎಲ್ಲಿ ಎಂಬ ಪ್ರಶ್ನೆಯನ್ನು ಮಿಶನ್ ತಪ್ಪಿಸಿಕೊಳ್ಳುವಂತಿರಲಿಲ್ಲ. ನೇಯ್ಗೆ ಶಾಲೆಗಳು ಬಂದವು. 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚಿನ ಇತಿಹಾಸದಲ್ಲಿ ದೀಕ್ಷಾಸ್ನಾನದ ಒಂದು ಅಧ್ಯಾಯವಿದೆ ಎನ್ನುವುದು ಆ ಹೆಂಚಿನಡಿ ಮಲಗಿದ ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

ಪೀಣ್ಯದಲ್ಲಿ ಈ ಕ್ರಮ ತಿರುಗಿದೆ. ಮಂಗಳೂರಿನಲ್ಲಿ ದೀಕ್ಷಾಸ್ನಾನದ ಬೆನ್ನಿಗೆ ಕಾರ್ಖಾನೆ ಬಂದಿತ್ತು. ಇಲ್ಲಿ ಕಾರ್ಖಾನೆಯ ಬೆನ್ನಿಗೆ ದೀಕ್ಷಾಸ್ನಾನ ಬರುತ್ತದೆ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದ ಹುಡುಗ ಸಿಎನ್‌ಸಿ ಯಂತ್ರದ ಮುಂದೆ ಎರಡನೇ ಶಿಫ್ಟು ಮುಗಿಸಿ, ನಾಲ್ವರು ಹಂಚಿಕೊಂಡ ಕೋಣೆಗೆ ಬರುತ್ತಾನೆ. ಕೂಲಿ ಕೊಡುವವನು ಅವನ ದೇವರು ಯಾರೆಂದು ಕೇಳುವುದಿಲ್ಲ. ಕೋಣೆಯ ಗೆಳೆಯ ಪ್ರಾರ್ಥನೆಗೆ ಕರೆದ, ಹೋದ, ಸಮಾಧಾನ ಸಿಕ್ಕಿತು, ನಂಬಿದ. ಇಲ್ಲಿ ಮೋಸವೂ ಇಲ್ಲ, ಆಮಿಷವೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಪಿ.ಜಿ.ಯಲ್ಲಿರುವ ಎಂಜಿನಿಯರ್ ಹುಡುಗಿಯ ಕಥೆಯೂ ಸಂಬಳದ ವ್ಯತ್ಯಾಸ ಬಿಟ್ಟರೆ ಇದೇ. ಇಷ್ಟು ಸಲೀಸಾಗಿ ಸಿಕ್ಕ ಸ್ವಾತಂತ್ರ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರಿನಲ್ಲಿ ಅವರಿಗೆ ಅದು ಸಿಗುತ್ತಿರಲಿಲ್ಲ. ಆದರೆ ಗುರುತಿಲ್ಲದವರ ನಡುವೆ ಆಡಿದ ಮಾತನ್ನು ಯಾರೂ ನೆನಪಿಸುವುದಿಲ್ಲ. ಕಂಪನಿ ಬದಲಾದರೆ ಸಭೆ ಬದಲಾಗುತ್ತದೆ, ವಾಟ್ಸ್ಆ್ಯಪ್ ಗುಂಪು ಬಿಟ್ಟರೆ ಸಾಕ್ಷಿಗಳೂ ಮುಗಿದರು.

ದೀಕ್ಷಾಸ್ನಾನದ ದಿನವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹರಿಯುವ ನೀರೇ ಆಗಬೇಕು, ಸಿಗದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಸಾಕು ಎಂದು ದಿದಾಖೆ ರಿಯಾಯಿತಿ ಕೊಟ್ಟಿದೆ. ಪೀಣ್ಯದ ಕೊಳಚೆ ಹೊತ್ತ ವೃಷಭಾವತಿಯನ್ನು ನೋಡಿದ್ದರೆ ಅದನ್ನು ಬರೆದವರು ಇನ್ನೊಂದು ರಿಯಾಯಿತಿ ಸೇರಿಸುತ್ತಿದ್ದರೇನೋ. ಹಾಗಾಗಿ ವೇದಿಕೆಯ ಹಲಗೆ ಎತ್ತಿದರೆ ಕೆಳಗೊಂದು ಸಿಮೆಂಟಿನ ತೊಟ್ಟಿ, ಅದಕ್ಕೆ ಟ್ಯಾಂಕರ್ ನೀರು. ಬಿಳಿ ಬಟ್ಟೆ ತೊಟ್ಟವನು ಸೊಂಟದವರೆಗಿನ ನೀರಿನಲ್ಲಿ ನಿಲ್ಲುತ್ತಾನೆ. ಒಬ್ಬರು ಬೆನ್ನಿಗೆ ಕೈ ಕೊಡುತ್ತಾರೆ, ಇನ್ನೊಬ್ಬರು ಅವನ ಕೈ ಹಿಡಿದು ಮೂಗು ಮುಚ್ಚಿಸುತ್ತಾರೆ. ಹಿಂದಕ್ಕೆ ಬಾಗಿಸಿದಾಗ ಕಾಲು ನೆಲ ಬಿಡುತ್ತದೆ. ಆ ಕ್ಷಣ ಅವನು ಪೂರ್ತಿಯಾಗಿ ಬೇರೆಯವರ ಕೈಯಲ್ಲಿರುತ್ತಾನೆ. ತಾನೇ ತನಗೆ ದೀಕ್ಷಾಸ್ನಾನ ಕೊಟ್ಟುಕೊಳ್ಳಲು ಬರುವುದಿಲ್ಲ. ನಿರ್ಧಾರ ಅವನದು, ಕೈ ಇನ್ನೊಬ್ಬರದು. ನಾನು ಇಷ್ಟು ಹೊತ್ತು ಹೇಳುತ್ತಿರುವುದನ್ನು ಈ ವಿಧಿ ಮೊದಲೇ ಒಪ್ಪಿಕೊಂಡಿದೆ.

ಹಾಗಾದರೆ ಸಿದ್ಧತೆಯ ತರಗತಿಯಲ್ಲಿ ಕೇಳಬೇಕಾದ ದೊಡ್ಡ ಪ್ರಶ್ನೆ, ಊರಿಗೆ ಯಾವಾಗ ಹೋಗುತ್ತೀಯ, ಅವ್ವನಿಗೆ ಏನು ಹೇಳುತ್ತೀಯ ಎಂಬುದು. ಆಮೇಲೆ ಹೇಳಿದರಾಯಿತು ಎನ್ನುವ ಪಾಸ್ಟರುಗಳಿದ್ದಾರೆ. ಅವರು ಕಂಚುಕಿಯ ಉದಾಹರಣೆ ಕೊಡುತ್ತಾರೆ. ಕಂಚುಕಿಯ ರಥ ತನ್ನ ದೇಶದ ಕಡೆಗೇ ಹೊರಟಿತ್ತು ಎನ್ನುವುದನ್ನು ಅವರು ಗಮನಿಸಿದಂತಿಲ್ಲ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸು ಮನೆಯಲ್ಲಿ ಹೇಳಿದರೆ ಗಂಡ ಹೊಡೆಯುತ್ತಾನೆ, ಅಣ್ಣ ಕೆಲಸ ಬಿಡಿಸುತ್ತಾನೆ. ಅವಳಿಗೂ ಇದೇ ಷರತ್ತೇ? ಖಂಡಿತ ಇಲ್ಲ. ಬಾಯಿ ಬಿಟ್ಟರೆ ಏಟು ಬೀಳುವ ಕಡೆ ಮೌನವೇ ವಿವೇಕ. ಆದರೆ ಆಗ ಭಾರ ಸಭೆಯ ಹೆಗಲಿಗೆ ಬೀಳುತ್ತದೆ: ನಾಳೆ ಅವಳು ಬಟ್ಟೆಗಂಟಿನೊಂದಿಗೆ ಬಾಗಿಲಲ್ಲಿ ನಿಂತರೆ ಜಾಗ ಎಲ್ಲಿ? ಜೆಪ್ಪುವಿನವರು ಕಾರ್ಖಾನೆ ಕಟ್ಟಿದರು. ಒಂದು ಕೋಣೆಯನ್ನೂ ಯೋಚಿಸದ ಸಭೆ ತಾನೇ ರೆಡಿ ಆಗಿಲ್ಲ.

ದಲಿತ ವಿಶ್ವಾಸಿಯ ಲೆಕ್ಕ ಇನ್ನೂ ಬಿಗಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, ತಿದ್ದುಪಡಿಯಿಂದ ಸಿಖ್ಖರಿಗೆ, ಬೌದ್ಧರಿಗೆ ಉಂಟು, ಕ್ರೈಸ್ತರಿಗಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಆಕೆ ಕೂಸಾಗಿದ್ದಾಗ ಪಡೆದ ದೀಕ್ಷಾಸ್ನಾನವನ್ನೂ ಚರ್ಚಿಗೆ ಹೋಗುವ ರೂಢಿಯನ್ನೂ ಗಮನಕ್ಕೆ ತೆಗೆದುಕೊಂಡು ಮೀಸಲಾತಿ ನಿರಾಕರಿಸಿತು. ಇದನ್ನು ಹೇಳದೆ ರೋಮಾಪುರದವರಿಗೆ ಬರೆದ ಪತ್ರದಲ್ಲಿ ದೀಕ್ಷಾಸ್ನಾನದ ಅರ್ಥ ಹೇಳುವ ಆರನೇ ಅಧ್ಯಾಯ ಮಾತ್ರ ಕಲಿಸುವ ತರಗತಿ ಅಪ್ರಾಮಾಣಿಕ. ಕಾಗದದಲ್ಲಿ ಒಂದು, ಚರ್ಚಿನ ಬೆಂಚಿನಲ್ಲಿ ಇನ್ನೊಂದು ಆಗಿ ಬದುಕುವವರನ್ನು ಅಣಕಿಸುವ ಹಕ್ಕು, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ನಮ್ಮಂಥವರಿಗಿಲ್ಲ.

‘ಎಲ್ಲರಿಗೂ ಗೊತ್ತಾಗಲಿ’ ಎಂಬ ನನ್ನ ಮಾತನ್ನು ಸರ್ಕಾರವೂ ತನ್ನದೇ ರೀತಿಯಲ್ಲಿ ಹೇಳಿದೆ. ರಾಜ್ಯದ 2022ರ ಮತಾಂತರ ಕಾಯ್ದೆ, ಮತಾಂತರವಾಗುವವನೂ ಮಾಡಿಸುವವನೂ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂದಿತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಂಪುಟ ನಿರ್ಧರಿಸಿತು. ಎರಡೂ ಒಂದೇ ಅಲ್ಲವೇ ಎಂದರೆ, ಅಲ್ಲ. ಅವ್ವನಿಗೆ ಹೇಳುವುದು, ಕೊಟ್ಟ ಮಾತು ಮುರಿದರೆ ಅವಳು ಕೇಳಲಿ ಎಂದು. ಕಚೇರಿಯ ಫಾರ್ಮು ತುಂಬುವುದು, ಅಪರಿಚಿತರು ಆಕ್ಷೇಪಿಸಲಿ ಎಂದು. ಅವ್ವನಿಗೆ ಆ ನಂಬಿಕೆಯ ಮೇಲೆ ಸಿಟ್ಟಿರಬಹುದು, ಮಗನ ಮೇಲೆ ಸಂಶಯವಿಲ್ಲ.

ಇದೇ ವಾದವನ್ನು ವೈಟ್‌ಫೀಲ್ಡಿಗೆ ಒಯ್ದರೆ ನನ್ನ ಪಾಳೆಯದವರಿಗೇ ಇರುಸುಮುರುಸು. ಹುಬ್ಬಳ್ಳಿಯದೋ ಧಾರವಾಡದ್ದೋ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್ಐ) ಕುಟುಂಬದ ಹುಡುಗ, ಐಟಿಪಿಎಲ್ ಟೆಕ್ ಪಾರ್ಕಿನಲ್ಲಿ ಕೆಲಸ, ಈಗ ಸ್ವತಂತ್ರ ಸಭೆಯ ಸದಸ್ಯ. ಕೂಸಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ, ಮುಳುಗಬೇಕು ಎನ್ನುತ್ತಾನೆ. ಸಿಎಸ್ಐ ಕ್ರಮದಲ್ಲಿ ಎರಡನೇ ದೀಕ್ಷಾಸ್ನಾನವಿಲ್ಲ. ಸ್ವಂತ ಬಾಯಿಂದ ಒಪ್ಪಿಕೊಳ್ಳಲು ದೃಢೀಕರಣವಿದೆ. ವಿಶ್ವಾಸಿಯ ದೀಕ್ಷಾಸ್ನಾನದ ಪಕ್ಷದವನಾದ ನಾನು ಅವನ ಕಡೆಗಿರಬೇಕು. ಆದರೆ ಅವನ ಮೊದಲ ದೀಕ್ಷಾಸ್ನಾನದಲ್ಲಿ ಅವನ ಬಾಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು: ಎತ್ತಿಕೊಂಡ ಅಜ್ಜಿ, ಎದ್ದು ನಿಂತ ಸಭೆ, ರಿಜಿಸ್ಟರಿನಲ್ಲಿ ಹೆಸರು. ಎರಡನೆಯದರಲ್ಲಿ ಬಾಯಿ ಇರುತ್ತದೆ, ಉಳಿದದ್ದು ಇರುವುದಿಲ್ಲ. ಅವನು ಮೊದಲು ಊರಿಗೆ ಹೋಗಿ, ತನ್ನನ್ನು ಎತ್ತಿಕೊಂಡವರ ಎದುರೇ ಈ ಮಾತು ಆಡಬೇಕು. ಸಭಾಪಾಲಕರು ಒಪ್ಪಲಿಕ್ಕಿಲ್ಲ, ಅಜ್ಜಿ ಅಳಬಹುದು, ಅವನೇ ಮನಸ್ಸು ಬದಲಿಸಿದರೂ ಬದಲಿಸಿಯಾನು. ಅಲ್ಲಿಯವರೆಗೆ ವೈಟ್‌ಫೀಲ್ಡಿನ ಪಾಸ್ಟರ್ ದಿನ ಗೊತ್ತು ಮಾಡುವುದು ಬೇಡ.