ಬಯಕೆಗೆ ಮುಂಗಡ

ಮಾರುಕಟ್ಟೆಯಲ್ಲಿ ಇಲ್ಲದ ಗಾಡಿಯೇ ಜಗತ್ತಿನ ಅತ್ಯುತ್ತಮ ಗಾಡಿ. ಅದಕ್ಕೆ ರಿಪೇರಿ ಇಲ್ಲ, ಪೆಟ್ರೋಲಿನ ಚಿಂತೆಯಿಲ್ಲ, ಬ್ಯಾಂಕಿನ ಕಂತೂ ಇಲ್ಲ. ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಕೂತು ನೋಡಿ, ಮಾತು ತಾನಾಗಿ ಅಲ್ಲಿಗೇ ಹೋಗುತ್ತದೆ. “ಜಿಪ್ಸಿಗೆ ಒಂದು ಡೀಸೆಲ್ ಎಂಜಿನ್ ಹಾಕಿದ್ದಿದ್ರೆ ಸಾಕಿತ್ತು ಕಣ್ರೀ” ಅಂತ ಒಬ್ಬರು. “ಆಮ್ನಿಗೆ ನಾಲ್ಕು ಚಕ್ರಕ್ಕೂ ಡ್ರೈವ್ ಕೊಟ್ಟಿದ್ರೆ ನಮ್ಮ ತೋಟಕ್ಕೆ ಬೇರೆ ಗಾಡಿಯೇ ಬೇಕಿರಲಿಲ್ಲ” ಅಂತ ಇನ್ನೊಬ್ಬರು. “ಅಂಬಾಸಿಡರ್ ಮೈಕಟ್ಟು ಹಾಗೇ ಇಟ್ಟು ಒಳಗೆ ಬ್ಯಾಟರಿ ಕೂರಿಸಲಿ, ನಾನೇ ಮೊದಲು ತಗೋತೀನಿ” ಅಂತ ಮೂರನೆಯವರು. ಈ ‘ಇದ್ದಿದ್ರೆ’ಗಳಲ್ಲಿ ಒಂದು ಸುಖವಿದೆ. ಬಯಸೋದಕ್ಕೇನು ಕಾಸು ಕೊಡಬೇಕಾ ಅಂತೀವಿ. ನಾನು ಕೇಳಬೇಕೆಂದಿರುವುದು ಅದನ್ನೇ. ಬಯಸುವುದಕ್ಕೆ ನಿಜವಾಗಿಯೂ ಖರ್ಚಿಲ್ಲವೇ? ಇದ್ದರೆ ಅದನ್ನು ಕೊಡುವವರು ಯಾರು?

ಈ ಪ್ರಶ್ನೆ ಹಾಸನದಲ್ಲೇ ಇದ್ದಿದ್ದರೆ ನನಗೆ ಬರುತ್ತಿರಲಿಲ್ಲವೇನೋ. ನಾನಿರುವುದು ಹರಿಯಾಣದ ಮಾನೇಸರ್‌ನಲ್ಲಿ. ದೆಹಲಿಯಿಂದ ಜೈಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮ ದಾಟಿದ ಮೇಲೆ ಅರಾವಳಿಯ ಬೋಳು ಗುಡ್ಡಗಳ ಬುಡದಲ್ಲಿ ಹಬ್ಬಿಕೊಂಡಿರುವ ಕೈಗಾರಿಕಾ ಊರು ಇದು. ಮಾರುತಿ ಕಂಪನಿ 2006–07ರಲ್ಲಿ ಇಲ್ಲಿ ತನ್ನ ಎರಡನೇ ಕಾರ್ಖಾನೆ ಶುರುಮಾಡಿತು. ಅದರ ಸುತ್ತ ಬಿಡಿಭಾಗ ಮಾಡುವ ಘಟಕಗಳು ಹಲಸಿನ ಮರಕ್ಕೆ ಕಾಯಿ ಬಿಟ್ಟ ಹಾಗೆ ತುಂಬಿಕೊಂಡವು. ಅಂಥದ್ದೊಂದು ಘಟಕದಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಕಾಸನ್, ಅಲಿಯರ್, ನಹರ್‌ಪುರ ಅನ್ನುವ ಹಳ್ಳಿಗಳಲ್ಲಿ ಜಮೀನಿದ್ದವರು ಸಾಲಾಗಿ ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಬಿಹಾರ, ಉತ್ತರ ಪ್ರದೇಶ, ಒಡಿಶಾದ ಹುಡುಗರು ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಊರಲ್ಲಿ ಕೂತು ನೀವು ಬಯಸುವ ಗಾಡಿ ಕೊನೆಗೆ ತಗಡು, ಬೋಲ್ಟು, ವೆಲ್ಡಿಂಗ್ ಕಿಡಿಯಾಗಿ ಬರುವುದು ಇಂಥ ಕಡೆಗೇ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಮಾರುತಿ ಜಿಪ್ಸಿ ನಮ್ಮ ಕಡೆಯವರಿಗೆ ಗೊತ್ತೇ ಇದೆ. 1985ರಲ್ಲಿ ಬಂದದ್ದು. ಸೇನೆ, ಪೊಲೀಸು, ನಾಗರಹೊಳೆ–ಬಂಡೀಪುರದ ಕಾಡುದಾರಿ, ಸಕಲೇಶಪುರದ ಎಸ್ಟೇಟು, ಎಲ್ಲ ಕಡೆಯೂ ಓಡಾಡಿತು. 2019ರಲ್ಲಿ ಅದರ ಮಾರಾಟ ನಿಂತಿತು. ಅಷ್ಟರಲ್ಲಿ, 2018ರಲ್ಲಿ, ಸುಜುಕಿ ಜಪಾನಿನಲ್ಲಿ ಹೊಸ ಜಿಮ್ನಿ ಬಿಟ್ಟಿತ್ತು. ಮೂರು ಬಾಗಿಲಿನ ಪುಟ್ಟ, ಚೌಕ ಮುಖದ ಗಾಡಿ. 2020ರ ವಾಹನ ಮೇಳದಲ್ಲಿ ಅದನ್ನು ಇಲ್ಲಿ ತಂದು ತೋರಿಸಿದರು. ಹುಚ್ಚು ಹತ್ತಿದ್ದೇ ಆಗ. ನಮ್ಮ ಗುರುಗ್ರಾಮದ ಕಾರ್ಖಾನೆಯಲ್ಲೇ ಅದನ್ನು ಜೋಡಿಸಿ 2021ರ ಜನವರಿಯಿಂದ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿಸತೊಡಗಿದ ಮೇಲಂತೂ ಕೇಳುವುದೇ ಬೇಡ. “ನಮ್ಮ ಮನೆ ಅಂಗಳದಲ್ಲಿ ಬೆಳೆದ ಹಣ್ಣು ನಮಗೇ ಇಲ್ವಲ್ಲ!” ಅಂತ ಗೆಳೆಯರು ಕೈ ಕೈ ಹಿಸುಕಿಕೊಂಡರು.

2023ರ ಜೂನ್‌ನಲ್ಲಿ ಜಿಮ್ನಿ ಇಲ್ಲಿಗೂ ಬಂತು. ಮೂರರ ಬದಲು ಐದು ಬಾಗಿಲು, ಚಕ್ರಗಳ ನಡುವೆ 340 ಮಿಲಿಮೀಟರ್ ಹೆಚ್ಚು ಅಂತರ, ಆರಂಭದ ಬೆಲೆ 12.74 ಲಕ್ಷ. ಆಮೇಲೆ ಏನಾಯಿತು? ಬೇಕು ಬೇಕು ಅಂದವರೇ ಮೂಗು ಮುರಿದರು. ಬೆಲೆ ಜಾಸ್ತಿ ಆಯ್ತು, ಉದ್ದ ಜಾಸ್ತಿ ಆಯ್ತು, ನಮಗೆ ಬೇಕಿದ್ದದ್ದು ಮೂರು ಬಾಗಿಲಿನದು ಅಂದರು. ಅದೇ ವರ್ಷದ ಕೊನೆಗೆ ಕಂಪನಿ 10.74 ಲಕ್ಷದ ವಿಶೇಷ ಆವೃತ್ತಿಯನ್ನೂ ಬಿಟ್ಟು ನೋಡಿತು. ಆದರೂ 2024ರ ಮೊದಲ ತಿಂಗಳುಗಳಲ್ಲಿ ಇಡೀ ದೇಶದಲ್ಲಿ ತಿಂಗಳಿಗೆ ಸಾವಿರ ಗಾಡಿ ಹೋಗಲಿಲ್ಲ. ತಮಾಷೆ ನೋಡಿ, ಇಲ್ಲೇ ಮಾಡಿದ ಅದೇ ಐದು ಬಾಗಿಲಿನ ಗಾಡಿಯನ್ನು 2025ರ ಜನವರಿ ಕೊನೆಯಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಪ್ರಕಟಿಸಿದಾಗ ನಾಲ್ಕೈದು ದಿನದಲ್ಲಿ ಸುಮಾರು 50,000 ಬೇಡಿಕೆ ಬಂದು, ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಕಂಪನಿ ಅಂದುಕೊಂಡಿದ್ದದ್ದು ತಿಂಗಳಿಗೆ 1,200.

ಇದರಲ್ಲಿ ಯಾರದೂ ಅಪರಾಧವಿಲ್ಲ ಅನ್ನಬಹುದು. ನನ್ನ ಸ್ನೇಹಿತರೊಬ್ಬರು, ಬೆಳಗಾವಿಯವರು, ಹಾಗೇ ವಾದಿಸಿದರು. “ರೀ, ಆಸೆ ಅನ್ನೋದು ಕರಾರುಪತ್ರ ಅಲ್ರೀ. ಕಂಪನಿಯವರು ಲಾಭಕ್ಕೆ ಗಾಡಿ ಮಾಡ್ತಾರೆ, ಮಾರುಕಟ್ಟೆ ನೋಡೋದು ಅವರ ಕೆಲಸ. ನಷ್ಟ ಆದ್ರೆ ಅವರ ಲೆಕ್ಕಕ್ಕೆ.” ಮಾತು ಸರಿಯಾಗಿಯೇ ಇದೆ. ಆದರೆ ನಷ್ಟ ಕಂಪನಿಯ ಲೆಕ್ಕದಲ್ಲೇ ನಿಲ್ಲುತ್ತದೆಯೇ ಅನ್ನುವುದು ಮಾನೇಸರ್‌ನಲ್ಲಿ ಕೂತವನ ಅನುಮಾನ.

ಒಂದು ಹೊಸ ಗಾಡಿ ಬರುತ್ತದೆ ಅಂದರೆ ಏನೇನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮೊದಲ ಗಾಡಿ ಮಾರಾಟವಾಗುವುದಕ್ಕೆ ಎಷ್ಟೋ ಮುಂಚೆಯೇ ತಗಡು ಒತ್ತುವ ಡೈಗಳು, ಪ್ಲಾಸ್ಟಿಕ್ಕಿನ ಅಚ್ಚುಗಳು, ವೆಲ್ಡಿಂಗ್ ಮಾಡುವಾಗ ಹಿಡಿದಿಡುವ ಜಿಗ್‌ಗಳು ತಯಾರಾಗಬೇಕು. ಒಂದು ಬಾಗಿಲಿನ ಡೈ ಇನ್ನೊಂದು ಬಾಗಿಲಿಗೆ ಬರುವುದಿಲ್ಲ. ಪರೀಕ್ಷೆಗಳು ಮುಗಿಯಬೇಕು. ಅದಕ್ಕೆಂದೇ ಮಾನೇಸರ್‌ನಲ್ಲಿ ಐಕ್ಯಾಟ್ ಅನ್ನುವ ವಾಹನ ತಂತ್ರಜ್ಞಾನ ಕೇಂದ್ರವಿದೆ. ಬಿಡಿಭಾಗ ಮಾಡುವವನು ತಿಂಗಳಿಗೆ ಇಷ್ಟು ಸಾವಿರ ತಗೋತೀವಿ ಅನ್ನುವ ಅಂದಾಜನ್ನು ನಂಬಿ ಸಾಲ ಮಾಡಿ ಯಂತ್ರ ತರಿಸುತ್ತಾನೆ. ಆಮೇಲೆ ಠೇಕೇದಾರನಿಗೆ ಫೋನ್ ಮಾಡಿ ಹುಡುಗರನ್ನು ಕಳಿಸು ಅನ್ನುತ್ತಾನೆ. ಅಂದಾಜು ತಪ್ಪಿದರೆ ಡೈ ಮೂಲೆ ಸೇರುತ್ತದೆ, ಯಂತ್ರ ಬೇರೆ ಕೆಲಸಕ್ಕೆ ತಿರುಗುತ್ತದೆ, ಸಾಲ ಮುಂದಕ್ಕೆ ಹೋಗುತ್ತದೆ. ಎಲ್ಲರಿಗಿಂತ ಮೊದಲು ಮನೆಗೆ ಹೋಗುವವರು ಠೇಕೇದಾರನ ಹುಡುಗರು.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಘಟಕದಲ್ಲಿ ಹೀಗಾಯಿತು. ಕಂಪನಿಯ ಹೆಸರೂ ಬೇಡ, ಗಾಡಿಯ ಹೆಸರೂ ಬೇಡ. ಗಾಡಿ ಬರುವ ಮುಂಚೆ ಜನರ ಉತ್ಸಾಹ ಎಷ್ಟಿತ್ತೆಂದರೆ ನಾವು ಎರಡು ಪಾಳಿಗೆ ಜನ ತಗೊಂಡೆವು. ಏಳು ತಿಂಗಳಿಗೆ ಒಂದು ಪಾಳಿ ನಿಂತಿತು. ಸಮಸ್ತಿಪುರದ ಕಡೆಯ ಹುಡುಗನೊಬ್ಬ, ವೆಲ್ಡಿಂಗಿನಲ್ಲಿ ಒಳ್ಳೆ ಕೈ, ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗುವಾಗ ನನ್ನ ಹತ್ತಿರ ಬಂದ. “ಸಾಬ್, ಎಲ್ಲರೂ ಬೇಕು ಬೇಕು ಅಂತಿದ್ದಾರೆ ಅಂತ ನೀವೇ ಮೀಟಿಂಗಿನಲ್ಲಿ ಹೇಳಿದ್ರಲ್ಲ. ಬೇಡ ಅಂತಿದ್ರೆ ಅವರು ಯಾಕೆ ಬೇಕು ಅಂದ್ರು?” ಸಿಟ್ಟಿನಲ್ಲಿ ಕೇಳಲಿಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ. ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ. ಈ ಬರಹ ಆ ಉತ್ತರ ಹುಡುಕುವ ಒಂದು ಪ್ರಯತ್ನ ಅಂದುಕೊಳ್ಳಿ.

ಬಯಕೆ ಬತ್ತಿದರೆ ಒಂದು ಕಷ್ಟ, ಉಕ್ಕಿದರೆ ಇನ್ನೊಂದು. 2011ರಲ್ಲಿ ಹೊಸ ಸ್ವಿಫ್ಟ್ ಬಂದಾಗ ಜನ ತಿಂಗಳುಗಟ್ಟಲೆ ಕಾಯುವ ಪಟ್ಟಿಯಲ್ಲಿದ್ದರು. ಅದೇ ವರ್ಷ ಅದು ತಯಾರಾಗುತ್ತಿದ್ದ ಮಾನೇಸರ್‌ನಲ್ಲಿ ಮೇಲಿಂದ ಮೇಲೆ ಮುಷ್ಕರಗಳಾದವು. ನಿಮಿಷಕ್ಕೊಂದಕ್ಕಿಂತ ಹೆಚ್ಚು ಕಾರು ಇಳಿಯುವ ಸಾಲಿನ ವೇಗ, ಏಳೂವರೆ ನಿಮಿಷದ ಚಹಾ ಬಿಡುವು, ಇವುಗಳ ಬಗ್ಗೆ ಆಗ ಪತ್ರಿಕೆಗಳು ಬರೆದವು. 2012ರ ಜುಲೈ 18ರಂದು ಕಾರ್ಖಾನೆಯೊಳಗೆ ಹಿಂಸೆ, ಬೆಂಕಿ. ಸಿಬ್ಬಂದಿ ವಿಭಾಗದ ಹಿರಿಯ ಅಧಿಕಾರಿ ಅವನೀಶ್ ಕುಮಾರ್ ದೇವ್ ಪ್ರಾಣ ಕಳೆದುಕೊಂಡರು. 2017ರ ಮಾರ್ಚಿನಲ್ಲಿ ನ್ಯಾಯಾಲಯ 31 ಜನರನ್ನು ದೋಷಿಗಳೆಂದಿತು, 117 ಜನರನ್ನು ಬಿಡುಗಡೆ ಮಾಡಿತು. ಬಿಡುಗಡೆಯಾದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದರು. ಕಾರು ಬೇಗ ಕೊಡಿ ಅಂದವರಿಂದ ಇದೆಲ್ಲ ಆಯಿತು ಅಂತ ನಾನು ಖಂಡಿತ ಹೇಳುವುದಿಲ್ಲ. ಕೊಲೆಗೆ ಅದು ಸಮಜಾಯಿಷಿಯೂ ಅಲ್ಲ. ಆದರೆ ಷೋರೂಮಿನಲ್ಲಿ ನಾವು ತೋರಿಸುವ ಅವಸರ ಅಲ್ಲಿಗೇ ಮುಗಿಯುವುದಿಲ್ಲ, ಕೆಳಕ್ಕೆ ಇಳಿಯುತ್ತಾ ಹೋಗಿ ಯಾರದೋ ಚಹಾದ ಲೋಟದ ಹತ್ತಿರ ನಿಲ್ಲುತ್ತದೆ ಅನ್ನುವುದಂತೂ ನಿಜ.

ಹಾಗಾದರೆ ಬಯಸುವುದೇ ತಪ್ಪೇ? ಅಲ್ಲ. ಬಯಕೆ ಇಲ್ಲದಿದ್ದರೆ ನಾವಿನ್ನೂ ಎತ್ತಿನ ಗಾಡಿಯಲ್ಲೇ ಇರುತ್ತಿದ್ದೆವು. ಬೆಂಗಳೂರಿನ ಚೇತನ್ ಮೈನಿ ಅಮೆರಿಕದಲ್ಲಿ ಓದುವಾಗ 1990ರಲ್ಲಿ ಸೂರ್ಯಶಕ್ತಿಯ ಕಾರಿನ ಸ್ಪರ್ಧೆಗೆ ಹೋಗಿದ್ದ ತಂಡದಲ್ಲಿದ್ದರು. ಅಲ್ಲಿ ಹತ್ತಿದ ಹುಚ್ಚು 2001ರಲ್ಲಿ ರೇವಾ ಆಗಿ ಬೆಂಗಳೂರಿನ ರಸ್ತೆಗೆ ಇಳಿಯಿತು. ನಾವೆಲ್ಲ ಅದನ್ನು ಆಟದ ಸಾಮಾನು ಅಂತ ನಕ್ಕವರೇ. ಮಾರಾಟವಾದದ್ದೂ ಕೆಲವೇ ಸಾವಿರ. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು. ಇವತ್ತು ಎಲೆಕ್ಟ್ರಿಕ್ ಕಾರು ನೋಡಿ ಯಾರೂ ನಗುವುದಿಲ್ಲ. ಮೈನಿ “ಯಾರಾದರೂ ಮಾಡಲಿ” ಅಂತ ಕೂರಲಿಲ್ಲ, ತನ್ನ ಬಯಕೆಯ ಭಾರವನ್ನು ತಾನೇ ಹೊತ್ತರು. ನನಗೆ ಕಾಣುವ ವ್ಯತ್ಯಾಸ ಅಲ್ಲಿದೆ.

ಬೇರೆಯವರ ಪರವಾಗಿ ಬಯಸುವುದು ಇನ್ನೂ ಕಷ್ಟದ್ದು. ಸ್ಕೂಟರಿನಲ್ಲಿ ಗಂಡ, ಹೆಂಡತಿ, ಮಕ್ಕಳು ನೆನೆಯುತ್ತಾ ಹೋಗುವುದನ್ನು ಕಂಡು ರತನ್ ಟಾಟಾ ಒಂದು ಲಕ್ಷದ ಕಾರಿನ ಮಾತಾಡಿದರು. 2008ರ ಜನವರಿ 10ರಂದು ದೆಹಲಿಯಲ್ಲಿ ನ್ಯಾನೋ ತೋರಿಸಿದಾಗ ಪ್ರಪಂಚವೇ ಬೆರಗಾಯಿತು. ಸಿಂಗೂರಿನಿಂದ ಕಾರ್ಖಾನೆ ಎದ್ದಾಗ ನಮ್ಮ ರಾಜ್ಯದವರೂ ಧಾರವಾಡದ ಹತ್ತಿರ ಜಾಗ ಕೊಡುತ್ತೇವೆ ಅಂದಿದ್ದರು. ಕೊನೆಗೆ ಅದು ಗುಜರಾತಿನ ಸಾನಂದ್‌ಗೆ ಹೋಯಿತು. ಒಳ್ಳೆಯ ಮನಸ್ಸಿನ ಬಯಕೆಯೇ ಅದು, ಸಂಶಯವಿಲ್ಲ. ಆದರೆ ‘ಅಗ್ಗದ ಕಾರು’ ಅನ್ನುವ ಹಣೆಪಟ್ಟಿ ಹೊತ್ತು ಬೀದಿಯಲ್ಲಿ ಓಡಾಡಲು ಆ ಸ್ಕೂಟರಿನವನಿಗೇ ಮನಸ್ಸಾಗಲಿಲ್ಲ. 2018ರ ಹೊತ್ತಿಗೆ ತಯಾರಿಕೆ ನಿಂತೇಹೋಯಿತು. ಬಡವನಿಗೆ ಏನು ಬೇಕು ಅಂತ ಊಹಿಸುವುದಕ್ಕೂ ಅವನನ್ನೇ ಕೇಳುವುದಕ್ಕೂ ಬಹಳ ದೂರ.

ನಾನು ಒಂದಿಬ್ಬರನ್ನು ಕೇಳಿದೆ. ದಿನಾ ಕಾರಿನ ಭಾಗ ಮುಟ್ಟುವ ಹುಡುಗರು, ಅವರ ಕನಸಿನ ಗಾಡಿ ಯಾವುದಿರಬಹುದು ಅಂತ ಕುತೂಹಲ. ಒಬ್ಬ ಬುಲೆಟ್ ಅಂದ. ಇನ್ನೊಬ್ಬ ಸ್ವಲ್ಪ ಯೋಚಿಸಿ, “ರಾತ್ರಿ ಪಾಳಿ ಬಿಟ್ಟಾಗ ಸಿಗೋ ಒಂದು ಬಸ್ಸು ಸಾಬ್” ಅಂದ. ಆ ಹೊತ್ತಿಗೆ ಅವರಿಗೆ ಸಿಗುವುದು ಮೂರು ಜನರ ಜಾಗದಲ್ಲಿ ಎಂಟು ಜನ ಜೋತುಬಿದ್ದ ಆಟೋ. ಇಂಥ ಬಯಕೆಗೆ ಅಭಿಮಾನಿಗಳ ಸಂಘವಿಲ್ಲ. ಅದರ ಚಿತ್ರ ಬರೆದು ಯಾರೂ ಗೋಡೆಗೆ ಅಂಟಿಸಿಕೊಳ್ಳುವುದಿಲ್ಲ.

ಆದರೆ ಅಂಥ ಬಯಕೆಗೂ ಚಕ್ರ ಬಂದದ್ದುಂಟು, ಅದೂ ನಮ್ಮ ಮಲೆನಾಡಿನಲ್ಲೇ. 1991ರಲ್ಲಿ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕೆಲಸಗಾರರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡು ಕೆಲವೇ ಬಸ್ಸುಗಳಿಂದ ‘ಸಹಕಾರ ಸಾರಿಗೆ’ ನಡೆಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕೇ ಮಾಲೀಕರು. ಬೇರೆಯವರು ಹೋಗದ ಘಟ್ಟದ ಮೂಲೆಗಳಿಗೂ ಆ ಬಸ್ಸು ಹೋಗುತ್ತಿತ್ತು. ಸುಮಾರು 29 ವರ್ಷ ಓಡಿ, ನಷ್ಟ ತಾಳಲಾರದೆ 2020ರಲ್ಲಿ ನಿಂತಿತು. ನಿಂತಾಗ ಅತ್ತವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಸ್ವಂತ ಬೈಕು, ಕಾರು ತಗೊಂಡು ಬಸ್ಸು ಹತ್ತುವುದನ್ನೇ ಬಿಟ್ಟಿದ್ದವರು. ಬೇಕು ಅಂದರೆ ಸಾಲದು, ಬೇಕು ಅಂತ ಉಳಿಸಿಕೊಳ್ಳಬೇಕು ಅನ್ನುವುದನ್ನು ನನಗೆ ಜಿಮ್ನಿಗಿಂತ ಚೆನ್ನಾಗಿ ಹೇಳಿಕೊಟ್ಟದ್ದು ಆ ಬಸ್ಸು.

ಸಮಸ್ತಿಪುರದ ಹುಡುಗನಿಗೆ ಈಗ ಉತ್ತರ ಹೇಳುವುದಾದರೆ ಇಷ್ಟೇ: ಅವರು ಬೇಕು ಅಂದದ್ದು ಸುಳ್ಳಲ್ಲಪ್ಪ, ಆದರೆ ಆ ಮಾತಿಗೆ ಅವರು ಏನನ್ನೂ ಒತ್ತೆ ಇಟ್ಟಿರಲಿಲ್ಲ. ಒತ್ತೆಗೆ ಬಿದ್ದದ್ದು ನಿನ್ನ ಪಾಳಿ. ವಸ್ತುವಿನ ಬಯಕೆ ಎಂದೂ ಒಂಟಿಯಲ್ಲ, ಅದು ಇನ್ನೊಬ್ಬರ ಕೈಗೆ ಹೇಳಿದ ಕೆಲಸ. ಕೆಲಸ ಹೇಳುವವನು ಮುಂಗಡ ಕೊಡುವುದು ನಮ್ಮಲ್ಲಿ ಹಳೆಯ ಮರ್ಯಾದೆ. ಬಡಗಿಗೆ ಮಂಚ ಹೇಳಿದರೂ ನಾಲ್ಕು ಕಾಸು ಕೈಗಿಟ್ಟು ಬರುತ್ತೇವೆ.

ಭಾನುವಾರ ಕನ್ನಡದ ನಾಲ್ಕು ಜನ ಸೇರಿದಾಗ ಈಗಲೂ ‘ಇದ್ದಿದ್ರೆ’ಗಳ ಆಟ ನಡೆಯುತ್ತದೆ, ನಾನೂ ಆಡುತ್ತೇನೆ. ಕಳೆದ ತಿಂಗಳು ನಮ್ಮ ಘಟಕದ ಹುಡುಗರು ರಾತ್ರಿ ಪಾಳಿಗೆ ಒಂದು ಬಸ್ಸು ಬೇಕೆಂದು ಅರ್ಜಿ ಬರೆದು ಸಹಿಗೆ ತಂದರು. ನನಗೆ ಬೈಕಿದೆ, ಮನೆಗೆ ಹದಿನೈದು ನಿಮಿಷ. ಬಸ್ಸು ಬಂದರೆ ಜನವರಿಯ ಚಳಿಯಲ್ಲಿ ನಿಂತು ಕಾಯಬೇಕು, ಮುಕ್ಕಾಲು ಗಂಟೆ ತಡವಾಗಿ ಮನೆ ಸೇರಬೇಕು. ಹೆಸರಿನ ಮುಂದೆ ‘ತಿಂಗಳ ಪಾಸು ತಗೋತೀನಿ’ ಅಂತ ಬರೆದು ಸಹಿ ಹಾಕಿದೆ.