ಮೂಕಜೀವದ ನೋವಿಗೆ ಪ್ರಮಾಣವೇನು?

ಉರಿಯೂತಕ್ಕೆ ನಾಲ್ಕು ಲಕ್ಷಣಗಳೆಂದು ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಬರೆದ: ಕೆಂಪು, ಊತ, ಬಿಸಿ, ನೋವು. ಮೊದಲ ಮೂರು ನಮ್ಮ ಕಣ್ಣಿಗೆ, ಕೈಗೆ ಸಿಗುತ್ತವೆ. ನಾಲ್ಕನೆಯದು ಅನುಭವಿಸುವವನದು ಮಾತ್ರ. ಪ್ರತ್ಯಕ್ಷವೊಂದೇ ಪ್ರಮಾಣವೆಂಬ ಚಾರ್ವಾಕರ ಮಾತಿಗೆ ನಿಂತರೆ ನಾಯಿಯ ತುರಿಕೆ, ಉರಿ ನಮಗೆಂದೂ ತಿಳಿಯವು. ಹೊಗೆ ಕಂಡು ಬೆಂಕಿಯನ್ನು ತಿಳಿಯುವ ನೈಯಾಯಿಕರ ಅನುಮಾನವೇ ಇಲ್ಲಿ ದಾರಿ. ನಾಯಿ ಬಿಡದೆ ಪಾದ ನೆಕ್ಕುತ್ತದೆ, ಕಿವಿ ಕೆರೆದುಕೊಳ್ಳುತ್ತದೆ, ಗೋಡೆಗೆ ಮೈ ಉಜ್ಜುತ್ತದೆ. ನೆಕ್ಕಿದ ಕಡೆ ಬಿಳಿ ಕೂದಲು ಜೊಲ್ಲಿನಿಂದ ಕಂದುಗೆಂಪಾಗುತ್ತದೆ. ಕಂಕುಳು, ತೊಡೆಸಂದು, ಬೆರಳಸಂದುಗಳಲ್ಲಿ ಚರ್ಮ ಕೆಂಪೇರುತ್ತದೆ. ಬಹುಕಾಲ ಹಾಗೇ ಉಳಿದರೆ ದಪ್ಪಗಾಗಿ ಕಪ್ಪಾಗುತ್ತದೆ.

ನೆಕ್ಕುವುದು ಬರೀ ಚಾಳಿಯೂ ಆಗಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂದು ಗುರುತಿನಿಂದ ತೀರ್ಮಾನಕ್ಕೆ ಬರುವಂತಿಲ್ಲ. ಆದರೆ ಚಿಗಟ ನಿವಾರಣೆಯಾದ ಮೇಲೆ ಕೆರೆತ ನಿಂತಿತೆಂದರೆ, ಕಾರಣವಿಲ್ಲದಲ್ಲಿ ಕಾರ್ಯವಿಲ್ಲ ಎಂಬ ವ್ಯತಿರೇಕ ನಮ್ಮ ಊಹೆಗೆ ಬಲ ಕೊಡುತ್ತದೆ. ನಿಲ್ಲದಿದ್ದರೆ ಹುಳು, ಬೂಷ್ಟು, ಅಲರ್ಜಿಗಳನ್ನು ಪಶುವೈದ್ಯರು ಹುಡುಕಬೇಕು. ಇನ್ನು ಪ್ರಾಣಿ ಬರೀ ಯಂತ್ರ, ಅದರ ಚಲನೆಯ ಹಿಂದೆ ವೇದನೆಯಿಲ್ಲ ಎಂಬ ಡೆಕಾರ್ಟ್ ಪರಂಪರೆಯ ವಾದ. ಇದನ್ನು ನಾನು ಒಪ್ಪಲಾರೆ. ಅದೇ ತರ್ಕದಿಂದ ಮಾತು ಬಾರದ ಹಸುಗೂಸಿನ ನೋವನ್ನೂ ಅಲ್ಲಗಳೆಯಬಹುದು. ಮನುಷ್ಯನಲ್ಲಿ ತುರಿಕೆ ಹುಟ್ಟಿಸುವ ಇಂಟರ್‌ಲ್ಯೂಕಿನ್-31 ಎಂಬ ಪ್ರೋಟೀನು ನಾಯಿಯಲ್ಲೂ ಅದೇ ಕೆಲಸ ಮಾಡುತ್ತದೆ. ದೇಹ ಇಷ್ಟು ಸಮನಾಗಿರುವಾಗ ವೇದನೆಯಿಲ್ಲ ಎನ್ನುವವರೇ ಪುರಾವೆ ಕೊಡಬೇಕು. ನಿಮ್ಮ ನಾಯಿ ಇಂದು ಪಾದ ನೆಕ್ಕುತ್ತಿದ್ದರೆ ಗದರಬೇಡಿ. ಬೆರಳ ಸಂದು ಬಿಡಿಸಿ ನೋಡಿ.