ಆಸನದ ಹಂಚಿಕೆ

ಮದ್ದೂರು ಸೀಮೆಯ ಸೋಮನಹಳ್ಳಿಯಂತಹ ಊರುಗಳ ಸಂಸಾರಗಳೂ ಈಗ ದೇವನಹಳ್ಳಿಗೆ ಹೋಗಿ ವಿಮಾನವೇರುವ ಕಾಲ. ಆರು ಮಂದಿಗೆ ಒಂದೇ ಸಾಲು ದೊರೆಯಿತೆನ್ನೋಣ: ಕಿಟಕಿಯ ಬಳಿ 2, ನಡೆದಾಡುವ ಹಾದಿಯ ಬಳಿ 2, ನಡುವೆ ಇಕ್ಕಟ್ಟಿನವು 2. ಯಾವುದು ಯಾರಿಗೆ ಸಲ್ಲಬೇಕು?

ಹಣ ತೆತ್ತವನಿಗೆ ಮೊದಲ ಆಯ್ಕೆ ಎಂಬುದು ವ್ಯಾಪಾರದ ನ್ಯಾಯ. ಹಿರಿಯರಿಗೆ ಎಂಬುದು ಮರ್ಯಾದೆ. ಆದರೆ ಮಂಡಿನೋವಿನ ಅಜ್ಜಿಯನ್ನು ಮರ್ಯಾದೆಗೆಂದು ಕಿಟಕಿಯ ಬಳಿ ಕೂರಿಸಿದರೆ, ಎದ್ದಾಗಲೆಲ್ಲ ಅವರು ಇಬ್ಬರನ್ನು ದಾಟಬೇಕು. ಅವರಿಗೆ ಬೇಕಾದುದು ಹಾದಿಯ ಬದಿ.

12 ವರ್ಷದವರೆಗಿನ ಮಕ್ಕಳಿಗೆ ಜೊತೆಯಲ್ಲಿರುವ ತಂದೆತಾಯಿಯರಲ್ಲಿ ಅಥವಾ ಪೋಷಕರಲ್ಲಿ ಒಬ್ಬರ ಬಳಿಯೇ ಆಸನ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರಲ್ಲಿ ವಿಧಿಸಿತು. ಕಾಲು ಚಾಚಲು ಎಡೆಯಿರುವ ತುರ್ತುದ್ವಾರದ ಸಾಲಾದರೋ, ಆಪತ್ತಿನಲ್ಲಿ ಬಾಗಿಲು ತೆರೆಯಬಲ್ಲವರಿಗೆ ಮಾತ್ರ. ಮಕ್ಕಳಿಗೂ ಅಶಕ್ತರಿಗೂ ಇಲ್ಲ. ಒಂದು ಅಗತ್ಯಕ್ಕೆ, ಇನ್ನೊಂದು ಹೊಣೆಗೆ, ಎರಡೂ ಪ್ರತಿಷ್ಠೆಗಲ್ಲ.

ಉಳಿಯುವುದು ನಡುವಿನ ಆಸನ. ಹಲವು ಮನೆಗಳಲ್ಲಿ ಅದು ಕೇಳದೆಯೇ ಸೊಸೆಯ ಪಾಲಾಗುತ್ತದೆ. “ನನಗೆ ಎಲ್ಲಾದರೂ ಆದೀತು” ಎಂಬ ಆಕೆಯ ಮಾತನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ಸಲ್ಲದು. ತಾನಾಗಿ ಕೈಗೊಂಡುದು ವ್ರತ. ಪರರು ಹೊರಿಸಿದುದು ಹೊರೆ. ಆದುದರಿಂದ ಹೋಗುವಾಗ ಒಬ್ಬರು, ಬರುವಾಗ ಮತ್ತೊಬ್ಬರು ಆ ಇಕ್ಕಟ್ಟನ್ನು ಹಂಚಿಕೊಳ್ಳಲಿ. ಮೊದಲ ಸರದಿ ಮನೆಯ ಯಜಮಾನನದಾಗಲಿ.